ಇ-ಬೈಕಿನ 25 ಕಿ.ಮೀ. ಮಿತಿ: ಲಿಮಿಟ್ ವೈರ್ ಕತ್ತರಿಸಿದರೆ ಏನಾಗುತ್ತದೆ?

ಪ್ರಶ್ನೆ: ನಾನು ಕಂಪ್ಲಿಯವನು. ಗಂಗಾವತಿಯ ಆಚೆ ಬದಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸ. ಹೋಗಲು 14, ಬರಲು 14 ಕಿ.ಮೀ. ಪೆಡಲ್ ಮತ್ತು ಥ್ರಾಟಲ್ ಎರಡೂ ಇರುವ ಇ-ಬೈಕ್ ಕೊಂಡಿದ್ದೇನೆ: 250 ವ್ಯಾಟ್ ಹಬ್ ಮೋಟಾರ್ (ಚಕ್ರದ ನಡುವೆಯೇ ಕೂತಿರುವ ಮೋಟಾರ್), 36 ವೋಲ್ಟ್ 10 ಎಎಚ್ (ಆಂಪಿಯರ್-ಅವರ್) ಬ್ಯಾಟರಿ, 26 ಇಂಚಿನ ಚಕ್ರ. ವೇಗ ಗಂಟೆಗೆ 25 ಕಿ.ಮೀ.ಗಿಂತ ಮೇಲೆ ಹೋಗುವುದಿಲ್ಲ. ಕಂಟ್ರೋಲರ್‌ನಲ್ಲಿ (ಮೋಟಾರಿಗೆ ಕರೆಂಟ್ ಅಳೆದು ಕೊಡುವ ಪೆಟ್ಟಿಗೆ) ಒಂದು ವೈರ್ ಕತ್ತರಿಸಿದರೆ 40 ಬರುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾನೆ. ಲೈಸೆನ್ಸ್, ನಂಬರ್ ಏನೂ ಬೇಡ ಎಂದು ಅಂಗಡಿಯವರು ಹೇಳಿದ್ದರು. ವೈರ್ ಕತ್ತರಿಸಿದ ಮೇಲೂ ಬೇಡವೇ? ಪಿಯುಸಿ ಓದುವ 16 ವರ್ಷದ ಮಗಳೂ ಸಂಜೆ ಟ್ಯೂಷನ್‌ಗೆ ಇದನ್ನೇ ಒಯ್ಯುತ್ತಾಳೆ. ಏನು ಮಾಡಲಿ?

ಉತ್ತರ: ವೈರ್ ಕತ್ತರಿಸಬೇಡಿ. ಕಾನೂನಿನ ಕಾರಣಕ್ಕೆ ಆಮೇಲೆ ಬರೋಣ. ನಿಮ್ಮ ವಿಷಯದಲ್ಲಿ ಅದಕ್ಕೂ ಮೊದಲು ಹೇಳಬೇಕಾದದ್ದು ಒಂದಿದೆ. ವೇಗ ಏರಿಸಿದರೆ ಈ ಬ್ಯಾಟರಿಯಲ್ಲಿ ನೀವು ಗಿರಣಿ ಮುಟ್ಟುತ್ತೀರಿ, ಆದರೆ ಕಂಪ್ಲಿಗೆ ವಾಪಸು ಬರುವುದು ಕಷ್ಟ.

ಲೆಕ್ಕ ನೋಡಿ. ಗಾಡಿ 25 ಕೆ.ಜಿ., ಸವಾರ 70 ಕೆ.ಜಿ., ಸಮತಟ್ಟಾದ ಡಾಂಬರು ರಸ್ತೆ, ಗಾಳಿ ಇಲ್ಲ, ಪೆಡಲ್ ತುಳಿಯುತ್ತಿಲ್ಲ ಎಂದು ಇಟ್ಟುಕೊಳ್ಳೋಣ. 25 ಕಿ.ಮೀ. ವೇಗದಲ್ಲಿ ಚಕ್ರಕ್ಕೆ ಬೇಕಾಗುವುದು ಸುಮಾರು 170 ವ್ಯಾಟ್. ಅದರಲ್ಲಿ ಮೂರನೇ ಎರಡು ಭಾಗ ಹೋಗುವುದು ಬರೀ ಗಾಳಿಯನ್ನು ಸೀಳುವುದಕ್ಕೆ, ಉಳಿದದ್ದು ಟೈರ್ ಉರುಳುವುದಕ್ಕೆ. ಮೋಟಾರ್ ಮತ್ತು ಕಂಟ್ರೋಲರ್ ಸೇರಿ ಶೇ 20ರಷ್ಟು ಶಾಖವಾಗಿ ಕಳೆಯುತ್ತವೆ. ಹಾಗಾಗಿ ಬ್ಯಾಟರಿಯಿಂದ 210 ವ್ಯಾಟ್ ಎಳೆಯಬೇಕು, ಅಂದರೆ ಕಿಲೋಮೀಟರಿಗೆ ಎಂಟೂವರೆ ವ್ಯಾಟ್-ಅವರ್. ನಿಮ್ಮ ಬ್ಯಾಟರಿಯ ಒಟ್ಟು ಸಾಮರ್ಥ್ಯ 36 ಗುಣಿಸು 10, ಅಂದರೆ 360 ವ್ಯಾಟ್-ಅವರ್. ಪೂರ್ತಿ ಬರಿದು ಮಾಡದೆ ಶೇ 80 ಬಳಸಿದರೆ 288. ಅದರಲ್ಲಿ 34 ಕಿ.ಮೀ. ಹೋಗಬಹುದು. ನಿಮಗೆ ಬೇಕಾದದ್ದು 28. ಸಾಕು, ಸ್ವಲ್ಪ ಮಿಗುತ್ತದೆ ಕೂಡ.

ಅದೇ ಗಾಡಿ 30ರಲ್ಲಿ ಓಡಿದರೆ ಕಿಲೋಮೀಟರಿಗೆ 11 ವ್ಯಾಟ್-ಅವರ್ ಬೇಕು, 26 ಕಿ.ಮೀ.ಗೆ ಮುಗಿಯುತ್ತದೆ. 40ರಲ್ಲಿ ಓಡಿದರೆ ಕಿಲೋಮೀಟರಿಗೆ 17ಕ್ಕೂ ಹೆಚ್ಚು, 17 ಕಿ.ಮೀ. ಕೂಡ ಪೂರ್ತಿ ಸಿಗುವುದಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ತಳ್ಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಆದ್ದರಿಂದಲೇ 25ರಿಂದ 40ಕ್ಕೆ ಹೋದಾಗ ವೇಗ ಒಂದೂವರೆ ಪಟ್ಟು ಚಿಲ್ಲರೆ ಏರಿದರೆ, ಬ್ಯಾಟರಿಯಿಂದ ಎಳೆಯುವ ಶಕ್ತಿ ಮೂರು ಪಟ್ಟು ದಾಟುತ್ತದೆ. ಇದಕ್ಕೆಲ್ಲ ಸಿಗುವ ಲಾಭ ಎಷ್ಟು? 14 ಕಿ.ಮೀ. ದಾರಿಗೆ 25ರಲ್ಲಿ 34 ನಿಮಿಷ, 30ರಲ್ಲಿ 28 ನಿಮಿಷ. ಆರು ನಿಮಿಷ ಉಳಿಸಲು ಹೋಗಿ ವಾಪಸು ದಾರಿಯಲ್ಲಿ ಬ್ಯಾಟರಿ ಸತ್ತ 25 ಕೆ.ಜಿ. ಗಾಡಿಯನ್ನು ತುಳಿಯುವ ಸ್ಥಿತಿ ಯಾರಿಗೂ ಬೇಡ.

ವೈರ್ ಕತ್ತರಿಸಿದರೆ 40 ಬರುವುದೇ ಇಲ್ಲ

ಮೆಕ್ಯಾನಿಕ್ ಹೇಳುವ ವೈರ್ ಇರುವುದು ನಿಜ. ಬಹಳಷ್ಟು ಕಂಟ್ರೋಲರ್‌ಗಳಿಂದ ಉಂಗುರದ ಹಾಗೆ ಒಂದೇ ಬಣ್ಣದ, ಹೆಚ್ಚಾಗಿ ಬಿಳಿಯ, ಎರಡು ತುದಿ ಹೊರಬಂದು ಒಂದಕ್ಕೊಂದು ಸಿಕ್ಕಿಸಿರುತ್ತವೆ. ಅದು ಕೂಡಿದ್ದರೆ ಕಂಟ್ರೋಲರ್ ವೇಗವನ್ನು ಮಿತಿಯಲ್ಲಿ ಹಿಡಿಯುತ್ತದೆ, ಬಿಡಿಸಿದರೆ ಮಿತಿ ಹೋಗುತ್ತದೆ. ಆದರೆ ಮಿತಿ ಹೋದ ಮಾತ್ರಕ್ಕೆ ಮೋಟಾರ್ ಎಷ್ಟು ಬೇಕಾದರೂ ಓಡುವುದಿಲ್ಲ. ಹಬ್ ಮೋಟಾರ್ ತಿರುಗಿದಂತೆಲ್ಲ ತನ್ನೊಳಗೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ಅದು ಬ್ಯಾಟರಿ ವೋಲ್ಟೇಜಿಗೆ ಸಮ ಆಗುತ್ತಾ ಬಂದ ಹಾಗೆ ಒಳಗೆ ಹರಿಯುವ ಕರೆಂಟ್ ಇಳಿದು, ವೇಗ ಅಲ್ಲಿಗೇ ನಿಲ್ಲುತ್ತದೆ. 26 ಇಂಚಿನ ಚಕ್ರಕ್ಕೆಂದು ಸುತ್ತಿದ ಸಾಮಾನ್ಯ 250 ವ್ಯಾಟ್ ಮೋಟಾರಿಗೆ 36 ವೋಲ್ಟ್‌ನಲ್ಲಿ ಸವಾರ ಕೂತಾಗ ಸಿಗುವುದು 28ರಿಂದ 30. ಚಕ್ರ ಎತ್ತಿ ಗಾಳಿಯಲ್ಲಿ ತಿರುಗಿಸಿದರೆ ಡಿಸ್‌ಪ್ಲೇ ಇನ್ನೂ ಹೆಚ್ಚು ತೋರಿಸುತ್ತದೆ. ಅಂಗಡಿಯಲ್ಲಿ ಸ್ಟ್ಯಾಂಡ್ ಹಾಕಿ ತೋರಿಸುವ ವೇಗ ಅದೇ, ಅದನ್ನು ನಂಬಬಾರದು.

40 ನಿಜವಾಗಿ ಬೇಕೆಂದರೆ ಮುಂದಿನ ಹೆಜ್ಜೆ 48 ವೋಲ್ಟ್ ಬ್ಯಾಟರಿ. ಗಾಡಿಗಳು ಕೆಡುವುದು ಹೆಚ್ಚಾಗಿ ಇಲ್ಲೇ. 36 ವೋಲ್ಟ್ ಪ್ಯಾಕ್ ಅಂದರೆ ಸಾಲಾಗಿ 10 ಸೆಲ್, ಪೂರ್ತಿ ಚಾರ್ಜ್ ಆದಾಗ 42 ವೋಲ್ಟ್. 48 ವೋಲ್ಟ್ ಪ್ಯಾಕ್ ಅಂದರೆ 13 ಸೆಲ್, ಪೂರ್ತಿ ಚಾರ್ಜ್‌ಗೆ 54.6 ವೋಲ್ಟ್. 36 ವೋಲ್ಟ್‌ಗೆಂದು ಮಾಡಿದ ಎಷ್ಟೋ ಕಂಟ್ರೋಲರ್‌ಗಳ ಒಳಗಿನ ಕೆಪಾಸಿಟರ್ ತಡೆಯುವುದೇ 50 ವೋಲ್ಟ್. ಮುಚ್ಚಳ ಬಿಚ್ಚಿದರೆ ಕೆಪಾಸಿಟರ್ ಮೈಮೇಲೆ ಬರೆದಿರುತ್ತದೆ. ಅದರ ಮೇಲೆ 54.6 ಬಿದ್ದರೆ ಮೊದಲ ದಿನವೇ ಉಬ್ಬಿ ಒಡೆಯಬಹುದು, ಇಲ್ಲವೇ ಒಂದು ತಿಂಗಳು ಓಡಿ ಬಿಸಿಲ ದಿನ ಕೈಕೊಡಬಹುದು. ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಬ್ಯಾಟರಿ ತೀರಾ ಇಳಿದಾಗ ಕರೆಂಟ್ ಕಡಿಯುವ ಮಿತಿ 36 ವೋಲ್ಟ್ ಕಂಟ್ರೋಲರ್‌ನಲ್ಲಿ 31 ವೋಲ್ಟ್ ಆಸುಪಾಸು ಇರುತ್ತದೆ. 48ರ ಪ್ಯಾಕ್ 40 ವೋಲ್ಟ್ ಸುತ್ತಲೇ ಬರಿದಾಗುತ್ತದೆ. ಅಂದರೆ ಕಂಟ್ರೋಲರ್ ಅದನ್ನು ಕಾಯುವುದೇ ಇಲ್ಲ, ಎಲ್ಲ ಭಾರ ಪ್ಯಾಕಿನ ಒಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಮೇಲೆ ಬೀಳುತ್ತದೆ.

ಬಹುಪಾಲು 250 ವ್ಯಾಟ್ ಹಬ್ ಮೋಟಾರ್‌ಗಳ ಒಳಗೆ ಮೂರು ಸಣ್ಣ ನೈಲಾನ್ ಗಿಯರ್‌ಗಳಿವೆ. ನೈಲಾನ್ ಬಿಸಿಗೆ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು ಸೀಮೆಯ ಬಿಸಿಲು 40 ಡಿಗ್ರಿ ದಾಟಿರುವಾಗ, ಮೇಲಿಂದ ಎರಡು ಪಟ್ಟು ಕರೆಂಟ್ ಕೊಟ್ಟರೆ ಹಲ್ಲುಗಳು ಸವೆಯುವುದಲ್ಲ, ಬೋಳಾಗಿಬಿಡುತ್ತವೆ. ಮೋಟಾರ್ ಗರ್ರೆನ್ನುತ್ತದೆ, ಚಕ್ರ ತಿರುಗುವುದಿಲ್ಲ. ವೇಗ ಸಹಜವಾಗಿದ್ದರೂ ಏರಿನಲ್ಲಿ ಇಬ್ಬರು ಕೂತು ಪೂರ್ತಿ ಥ್ರಾಟಲ್ ಹಿಡಿದರೆ ಇದೇ ಆಗುತ್ತದೆ. ರೈಲ್ವೆ ಮೇಲ್ಸೇತುವೆಯಂಥ ನೂರಕ್ಕೆ ನಾಲ್ಕರ ಏರನ್ನು ಒಬ್ಬರೇ 15ರ ವೇಗದಲ್ಲಿ ಹತ್ತಲು 220 ವ್ಯಾಟ್ ಸಾಕು. ಹಿಂದೆ 60 ಕೆ.ಜಿ. ಸೇರಿದರೆ 330 ದಾಟುತ್ತದೆ. ಹಿಂದಿನ ಸವಾರರನ್ನು ಇಳಿಸಲಾಗದಿದ್ದರೆ ಪೆಡಲ್ ತುಳಿದು ಕೊರತೆ ತುಂಬಿ, ಥ್ರಾಟಲ್ ಅರ್ಧಕ್ಕೇ ಇರಲಿ.

ಬ್ರೇಕಿನ ವಿಷಯ ಬೇರೆಯೇ. ಅಪಾಯ ಕಂಡು ಲಿವರ್ ಹಿಡಿಯುವುದಕ್ಕೆ ಒಂದು ಸೆಕೆಂಡ್ ಹೋಗುತ್ತದೆ. 25ರಲ್ಲಿ ಆ ಸೆಕೆಂಡಿಗೆ 7 ಮೀಟರ್, ಆಮೇಲೆ ನಿಲ್ಲಲು 6 ಮೀಟರ್, ಒಟ್ಟು 13. 40ರಲ್ಲಿ 11 ಮತ್ತು 15, ಒಟ್ಟು 26 ಮೀಟರ್. ಇದು ಒಣ ರಸ್ತೆ ಮತ್ತು ಒಳ್ಳೆಯ ಬ್ರೇಕಿನ ಲೆಕ್ಕ. ಕೊಯ್ಲಿನ ಕಾಲದಲ್ಲಿ ಕಂಪ್ಲಿ-ಗಂಗಾವತಿ ರಸ್ತೆಯಲ್ಲಿ ಹಿಂದಿನ ದೀಪವಿಲ್ಲದ ಭತ್ತದ ಟ್ರಾಕ್ಟರ್ ಸಂಜೆ ಹೊತ್ತು ಎದುರಾದಾಗ ಆ 13 ಮೀಟರ್ ವ್ಯತ್ಯಾಸವೇ ಎಲ್ಲ. ಸೈಕಲ್ ಚೌಕಟ್ಟು, 160 ಮಿ.ಮೀ. ಡಿಸ್ಕ್, ತೆಳು ಕಡ್ಡಿಯ ಚಕ್ರ, ಇವೆಲ್ಲ 25ಕ್ಕೆಂದು ಆರಿಸಿದ ಭಾಗಗಳು.

ಕಾನೂನು ಏನು ಹೇಳುತ್ತದೆ

ಲೈಸೆನ್ಸ್ ಬೇಡ ಎಂದು ಅಂಗಡಿಯವರು ಹೇಳಿದ್ದು ಅರ್ಧ ನಿಜ. ಕೇಂದ್ರ ಮೋಟಾರು ವಾಹನ ನಿಯಮಗಳ 2ನೇ ನಿಯಮದಲ್ಲಿ ಬ್ಯಾಟರಿ ವಾಹನದ ವ್ಯಾಖ್ಯೆ ಇದೆ. ಕೆಲವು ಷರತ್ತು ಪೂರೈಸಿದ ಗಾಡಿಯನ್ನು ಮೋಟಾರು ವಾಹನ ಎಂದು ಎಣಿಸುವುದಿಲ್ಲ. ಮೋಟಾರಿನ ಮೂವತ್ತು ನಿಮಿಷದ ಶಕ್ತಿ 250 ವ್ಯಾಟ್ ದಾಟಬಾರದು, ಗರಿಷ್ಠ ವೇಗ 25 ಕಿ.ಮೀ. ದಾಟಬಾರದು, ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕೆ.ಜಿ. ಮೀರಬಾರದು, ತಕ್ಕ ಬ್ರೇಕ್ ಇರಬೇಕು, ಮುಂದೆ ಬಿಳಿ ಮತ್ತು ಹಿಂದೆ ಕೆಂಪು ಪ್ರತಿಫಲಕ ಇರಬೇಕು. ಮೋಟಾರ್ ನೆರವಿನ ಪೆಡಲ್ ಸೈಕಲ್ಲಿಗಾದರೆ, 25 ಮುಟ್ಟುತ್ತಾ ಬಂದಂತೆ ನೆರವು ಇಳಿದು ನಿಲ್ಲಬೇಕು, ತುಳಿಯುವುದು ನಿಲ್ಲಿಸಿದರೆ ಅದಕ್ಕೂ ಮೊದಲೇ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾದ ಷರತ್ತನ್ನು ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ: ಇದೆಲ್ಲವನ್ನೂ 126ನೇ ನಿಯಮದಲ್ಲಿ ಹೆಸರಿಸಿದ ಪರೀಕ್ಷಾ ಸಂಸ್ಥೆಯೊಂದು ಪರೀಕ್ಷಿಸಿ ದೃಢಪಡಿಸಿರಬೇಕು. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಅಂಥ ಸಂಸ್ಥೆಗಳು. ಬರೀ ಸ್ಟಿಕ್ಕರ್ ಅಂಟಿಸಿದರೆ ವಿನಾಯಿತಿ ಬರುವುದಿಲ್ಲ.

ಹಾಗಾಗಿ ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಅಂಗಡಿಗೆ ಹೋಗಿ ನಿಮ್ಮ ಮಾಡೆಲ್‌ನ ಪರೀಕ್ಷಾ ಪ್ರಮಾಣಪತ್ರದ ಪ್ರತಿ ಕೇಳಿ. ಅದರಲ್ಲಿರುವ ಮಾಡೆಲ್ ಹೆಸರು ನಿಮ್ಮ ಬಿಲ್ಲಿನಲ್ಲಿರುವುದಕ್ಕೆ ಅಕ್ಷರಶಃ ತಾಳೆ ಆಗಬೇಕು. ಬಿಲ್ಲಿನಲ್ಲಿ ಚೌಕಟ್ಟಿನ ನಂಬರ್ ಮತ್ತು ಮೋಟಾರ್ ನಂಬರ್ ಬರೆಸಿಕೊಳ್ಳಿ. ಎರಡರ ಫೋಟೊ ಫೋನಿನಲ್ಲಿರಲಿ. ದಾರಿಯಲ್ಲಿ ಪೊಲೀಸರು ನಿಲ್ಲಿಸಿ ನಂಬರ್ ಪ್ಲೇಟ್ ಎಲ್ಲಿ ಎಂದರೆ ವಾದ ಮಾಡುವ ಬದಲು ಇದನ್ನು ತೋರಿಸಿದರೆ ಮಾತು ಮುಗಿಯುತ್ತದೆ. ಥ್ರಾಟಲ್ ಇರುವುದರಿಂದ, ಪ್ರಮಾಣಪತ್ರ ಥ್ರಾಟಲ್ ಇರುವ ಮಾಡೆಲ್ಲಿಗೇ ಕೊಟ್ಟದ್ದೇ ಎಂದೂ ನೋಡಿಕೊಳ್ಳಿ. ಹಳೆ ಸೈಕಲ್ಲಿಗೆ ಕಿಟ್ ಕೂರಿಸಿದವರಿಗೆ ಇಂಥ ಕಾಗದ ಇರುವುದಿಲ್ಲ, ಅವರ ನೆಲೆ ಅಷ್ಟರ ಮಟ್ಟಿಗೆ ದುರ್ಬಲ.

250 ವ್ಯಾಟ್ ಎಂಬುದರ ಬಗ್ಗೆ ಒಂದು ಗೊಂದಲ ಬಿಡಿಸಬೇಕು. ಅದು ಮೋಟಾರ್ ಬಿಸಿಯಾಗದೆ ಅರ್ಧ ಗಂಟೆ ಸತತ ಕೊಡಬಲ್ಲ ಶಕ್ತಿ. ಹೊರಡುವಾಗ, ಏರಿನಲ್ಲಿ, ಕ್ಷಣಕಾಲ ಅದೇ ಮೋಟಾರ್ 400-500 ವ್ಯಾಟ್ ಎಳೆಯುವುದು ಸಹಜ, ಅದು ಉಲ್ಲಂಘನೆಯಲ್ಲ. 36 ವೋಲ್ಟ್, 15 ಆಂಪಿಯರ್ ಕಂಟ್ರೋಲರ್ ಇದ್ದರೆ ಸರಿ. ಆದರೆ ಅದೇ ಜಾತಿಯ ಸ್ಟಿಕ್ಕರ್ ಹೊತ್ತು ಒಳಗೆ 48 ವೋಲ್ಟ್, 25 ಆಂಪಿಯರ್ ಕಂಟ್ರೋಲರ್ ಕೂತಿದ್ದರೆ ಅದು 1,200 ವ್ಯಾಟ್ ಎಳೆಯುವ ಗಾಡಿ. ಪೆಡಲ್ ಇಲ್ಲದ ಅಗ್ಗದ ಸ್ಕೂಟರ್ ಕೊಳ್ಳುವವರು ಇದನ್ನು ಸೀಟಿನ ಕೆಳಗೆ ಇಣುಕಿ ನೋಡಲೇಬೇಕು.

ವೈರ್ ಕತ್ತರಿಸಿದ ಗಳಿಗೆಗೆ ನಿಮ್ಮ ಗಾಡಿ ವಿನಾಯಿತಿಯಿಂದ ಹೊರಬಿದ್ದು ಮೋಟಾರು ವಾಹನವಾಗುತ್ತದೆ. ಅದಕ್ಕೆ ನೋಂದಣಿ ಇಲ್ಲ, ವಿಮೆ ಇಲ್ಲ, ನೋಂದಣಿ ಮಾಡಿಸೋಣ ಎಂದರೂ ಆ ಮಾಡೆಲ್‌ಗೆ ಮೋಟಾರು ವಾಹನವಾಗಿ ಅನುಮೋದನೆ ಇಲ್ಲದ್ದರಿಂದ ಆರ್‌ಟಿಒದಲ್ಲಿ ದಾರಿಯೂ ಇಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ನೋಂದಣಿ ಇಲ್ಲದೆ ಓಡಿಸಿದರೆ 192ನೇ ಸೆಕ್ಷನ್ ಅಡಿ ಮೊದಲ ಸಲಕ್ಕೆ 2,000ದಿಂದ 5,000 ರೂಪಾಯಿ, ಲೈಸೆನ್ಸ್ ಇಲ್ಲದ್ದಕ್ಕೆ 181ರ ಅಡಿ 5,000, ವಿಮೆ ಇಲ್ಲದ್ದಕ್ಕೆ 196ರ ಅಡಿ 2,000, ಗಾಡಿಯನ್ನು ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ 182ಎ ಅಡಿ 5,000 ಅಥವಾ ಆರು ತಿಂಗಳವರೆಗೆ ಜೈಲು. ಸ್ಥಳದಲ್ಲೇ ಕಟ್ಟುವ ಕೆಲವು ದಂಡಗಳನ್ನು ಕರ್ನಾಟಕ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಇಳಿಸಿತು, ಆದರೆ ತಪ್ಪು ತಪ್ಪೇ.

ನಿಜವಾದ ಭಾರ ಈ ದಂಡಗಳಲ್ಲ. ಯಾರಿಗಾದರೂ ಡಿಕ್ಕಿಯಾಗಿ ಅವರು ಪರಿಹಾರ ಕೇಳಿದರೆ, ವಿಮೆ ಇಲ್ಲದ ಮೋಟಾರು ವಾಹನದ ಮಾಲೀಕ ಪೂರ್ತಿ ಮೊತ್ತವನ್ನು ಮನೆ, ಹೊಲದಿಂದಲೇ ಕೊಡಬೇಕು. ಇನ್ನು ಮಗಳ ವಿಷಯ. 25ರ ಒಳಗಿನ ಪ್ರಮಾಣಿತ ಗಾಡಿಗೆ ಲೈಸೆನ್ಸ್ ಬೇಡವಾದ್ದರಿಂದ ಆಕೆ ಈಗ ಓಡಿಸುವುದರಲ್ಲಿ ತಪ್ಪಿಲ್ಲ. ವೈರ್ ಕತ್ತರಿಸಿದ ಮೇಲೆ ಅದೇ ಗಾಡಿಯಲ್ಲಿ ಅದೇ ಹುಡುಗಿ ಸಿಕ್ಕಿಬಿದ್ದರೆ 199ಎ ಸೆಕ್ಷನ್ ಬರುತ್ತದೆ. ಅಪ್ರಾಪ್ತರು ಮೋಟಾರು ವಾಹನದಲ್ಲಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಮನೆಯಲ್ಲಿ ಹದಿನೆಂಟರೊಳಗಿನವರು ಗಾಡಿ ಮುಟ್ಟುವುದಾದರೆ ಇದೊಂದು ಕಾರಣವೇ ಸಾಕು.

ಯೂಟ್ಯೂಬ್‌ನಲ್ಲಿ ಇ-ಬೈಕ್ 45ರಲ್ಲಿ ಓಡುವುದನ್ನು ನೋಡಿ ಎಷ್ಟೋ ಮಂದಿ ಮೋಸ ಹೋಗುತ್ತಾರೆ. ಅವು ಅಮೆರಿಕದವು. ಅಲ್ಲಿ ಅನೇಕ ರಾಜ್ಯಗಳಲ್ಲಿ ಮೂರು ದರ್ಜೆಗಳಿವೆ, ಎರಡಕ್ಕೆ ಗಂಟೆಗೆ 20 ಮೈಲಿ, ಅಂದರೆ 32 ಕಿ.ಮೀ., ಮೂರನೆಯದಕ್ಕೆ 28 ಮೈಲಿ, ಅಂದರೆ 45 ಕಿ.ಮೀ. ಮೋಟಾರ್ 750 ವ್ಯಾಟ್ ತನಕ ಇರಬಹುದು. ಯುರೋಪಿನ ಮಿತಿ ನಮ್ಮದೇ, 25 ಮತ್ತು 250.

ನಿಮ್ಮ ಗಾಡಿಯ ನಿಜವಾದ ವೇಗ ಅಳೆಯುವುದು

ಡಿಸ್‌ಪ್ಲೇ ತೋರಿಸುವ 25 ನಿಜವಾಗಿ 25 ಆಗಿರಬೇಕೆಂದಿಲ್ಲ. ಕಂಟ್ರೋಲರ್ ಚಕ್ರದ ಸುತ್ತುಗಳನ್ನು ಎಣಿಸಿ, ಸೆಟ್ಟಿಂಗ್‌ನಲ್ಲಿ ತುಂಬಿದ ಚಕ್ರದ ಅಳತೆಯಿಂದ ಗುಣಿಸುತ್ತದೆ. 26 ಇಂಚಿನ ಚಕ್ರವಿದ್ದು ಸೆಟ್ಟಿಂಗ್‌ನಲ್ಲಿ 20 ಎಂದಿದ್ದರೆ, ಡಿಸ್‌ಪ್ಲೇಯಲ್ಲಿ 25 ಬಂದಾಗ ನೆಲದ ಮೇಲೆ 32 ಕಿ.ಮೀ. ಇರುತ್ತದೆ. ಕೆಲವು ಅಂಗಡಿಗಳು ಬೇಕೆಂದೇ ಹೀಗೆ ಮಾಡಿಕೊಡುತ್ತವೆ. ಕೊಂಡವರಿಗೆ ಗೊತ್ತೇ ಇರುವುದಿಲ್ಲ, ಬ್ಯಾಟರಿ ಹೇಳಿದಷ್ಟು ದೂರ ಬರುವುದಿಲ್ಲ ಎಂದು ದೂರುತ್ತಾರೆ.

ಅಳೆಯುವುದು ಸುಲಭ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಟೈರ್ ಗಾಳಿ ಸರಿಮಾಡಿ, ಬೆಳಗಿನ ಜಾವ ಗಾಳಿ ಬೀಸದ ಹೊತ್ತಿಗೆ ವಾಹನವಿಲ್ಲದ ನೇರ ರಸ್ತೆಗೆ ಹೋಗಿ. ಫೋನಿನಲ್ಲಿ ಜಿಪಿಎಸ್ ವೇಗಮಾಪಕ ಹಾಕಿ ಹ್ಯಾಂಡಲ್‌ಗೆ ಕಟ್ಟಿ. ಪೆಡಲ್ ತುಳಿಯದೆ ಪೂರ್ತಿ ಥ್ರಾಟಲ್‌ನಲ್ಲಿ 300 ಮೀಟರ್ ಓಡಿಸಿ, ವೇಗ ಸ್ಥಿರವಾದ ಮೇಲೆ ನೋಡಿ. ಅದೇ ಜಾಗದಲ್ಲಿ ವಾಪಸು ಓಡಿಸಿ. ಎರಡರ ಸರಾಸರಿ ನಿಮ್ಮ ವೇಗ. ಡಿಸ್‌ಪ್ಲೇಗಿಂತ ಒಂದು ಕಿ.ಮೀ. ಹೆಚ್ಚುಕಡಿಮೆ ಬಂದರೆ ಚಿಂತೆಯಿಲ್ಲ. ನಾಲ್ಕೈದು ಹೆಚ್ಚು ಬಂದರೆ ಚಕ್ರದ ಅಳತೆ ತಪ್ಪಾಗಿದೆ, ಸೆಟ್ಟಿಂಗ್‌ನಲ್ಲಿ ಸರಿಮಾಡಿಸಿ.

ದಾರಿ, ಗಾಳಿ, ಹೊಳೆ

ಗಂಗಾವತಿ ನಿಮಗೆ ಪಶ್ಚಿಮ ದಿಕ್ಕಿಗೆ ಬೀಳುತ್ತದೆ. ಆಷಾಢದ ಗಾಳಿ ಬೀಸುವುದೂ ಪಶ್ಚಿಮದಿಂದಲೇ. ಅಂದರೆ ಆ ತಿಂಗಳುಗಳಲ್ಲಿ ಬೆಳಿಗ್ಗೆ ಹೋಗುವಾಗ ಎದುರು ಗಾಳಿ, ಸಂಜೆ ಬರುವಾಗ ಬೆನ್ನ ಗಾಳಿ. ಗಂಟೆಗೆ 20 ಕಿ.ಮೀ.ಯ ಎದುರು ಗಾಳಿಯಲ್ಲಿ 25 ಹಿಡಿದಿಡಲು 420 ವ್ಯಾಟ್ ಬೇಕು, ಮೋಟಾರಿಗೆ ಅಷ್ಟಿಲ್ಲ. ತುಳಿಯದಿದ್ದರೆ ವೇಗ 19ಕ್ಕೆ ಇಳಿಯುತ್ತದೆ, ಸಾಧಾರಣವಾಗಿ ತುಳಿದರೆ 22 ಸಿಗುತ್ತದೆ. ಇದು ಗಾಡಿಯ ದೋಷವಲ್ಲ. ಬೆಳಿಗ್ಗೆ ವೇಗ ಕಡಿಮೆಯಾಯಿತು ಎಂದು ಇದೇ ತಿಂಗಳಲ್ಲಿ ಮೆಕ್ಯಾನಿಕ್ ಬಳಿ ಹೋಗುವವರು ಹೆಚ್ಚು, ವೈರ್ ಕತ್ತರಿಸಿಕೊಳ್ಳುವವರೂ ಹೆಚ್ಚು. ಅದರಿಂದ ಎದುರು ಗಾಳಿಯಲ್ಲಿ ಒಂದು ಕಿಲೋಮೀಟರೂ ಹೆಚ್ಚಾಗುವುದಿಲ್ಲ, ಏಕೆಂದರೆ ಅಲ್ಲಿ ತಡೆಯುತ್ತಿರುವುದು ಮಿತಿಯಲ್ಲ, ಶಕ್ತಿಯ ಕೊರತೆ. ಮುಂದೆ ಬಗ್ಗಿ ಕೂರುವುದು, ಗಾಳಿಗೆ ಉಬ್ಬುವ ರೇನ್‌ಕೋಟ್ ಬದಲು ಮೈಗಂಟುವ ಜರ್ಕಿನ್ ಹಾಕುವುದು, ತುಳಿಯುವುದು, ಇವು ಕೆಲಸ ಮಾಡುತ್ತವೆ.

ತುಳಿಯುವುದರ ಬೆಲೆ ಜನ ಅರಿತಿಲ್ಲ. ಆರಾಮವಾಗಿ ತುಳಿಯುವ ದೊಡ್ಡವರು 70 ವ್ಯಾಟ್ ಕೊಡುತ್ತಾರೆ. 25ರ ವೇಗಕ್ಕೆ ಬೇಕಾದ 170ರಲ್ಲಿ 70 ಕಾಲಿನಿಂದ ಬಂದರೆ ಬ್ಯಾಟರಿಯ ಮೇಲೆ ಬೀಳುವುದು ಕಿಲೋಮೀಟರಿಗೆ ಐದೇ ವ್ಯಾಟ್-ಅವರ್. ಆಗ ಅದೇ ಪ್ಯಾಕಿನಲ್ಲಿ 55 ಕಿ.ಮೀ. ದಾಟಬಹುದು.

ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಆಗ ಬುಕ್ಕಸಾಗರ-ಕಡೇಬಾಗಿಲು ಸೇತುವೆಯ ದಾರಿ ಹಿಡಿಯಬೇಕಾದರೆ ದೂರ ಬಹಳ ಹೆಚ್ಚುತ್ತದೆ, ಒಂದು ಚಾರ್ಜ್‌ನಲ್ಲಿ ಹೋಗಿಬರುವ ಭರವಸೆ ಇಟ್ಟುಕೊಳ್ಳಬೇಡಿ, ಚಾರ್ಜರ್ ಜೊತೆಗಿರಲಿ. ನೀರು ಇಳಿದ ಮೇಲೂ ಸೇತುವೆಯ ಮೇಲೆ ಹರಿಯುವ ತೆಳು ನೀರಿನಲ್ಲಿ ಗಾಡಿ ದಾಟಿಸಬೇಡಿ. ಹಬ್ ಮೋಟಾರ್ ತುಂತುರು ಮಳೆಗೆ ಅಳುಕುವುದಿಲ್ಲ. ಆದರೆ ಆ್ಯಕ್ಸಲ್ ಮಟ್ಟಕ್ಕೆ ನೀರು ಬಂದರೆ ವೈರ್ ಒಳಹೋಗುವ ರಂಧ್ರದಿಂದ ನೀರು ಸೇರಿ ಮೋಟಾರ್ ಎಲ್ಲಿಗೆ ತಿರುಗಿದೆ ಎಂದು ಕಂಟ್ರೋಲರಿಗೆ ತಿಳಿಸುವ ಹಾಲ್ ಸೆನ್ಸರ್‌ಗಳು ಹಾಳಾಗುತ್ತವೆ. ಲಕ್ಷಣ ಗುರುತಿಸುವುದು ಸುಲಭ: ಥ್ರಾಟಲ್ ಕೊಟ್ಟಾಗ ಚಕ್ರ ಮುಂದೆ ಹೋಗದೆ ಅಲ್ಲೇ ಅದುರುತ್ತದೆ.

ಪಂಕ್ಚರ್. ಬಳ್ಳಾರಿ ಜಾಲಿಯ ಮುಳ್ಳಿನ ಸೀಮೆಯಲ್ಲಿ ಇದೇ ದೊಡ್ಡ ಕಾಟ, ಕಾಲುವೆ ಏರಿಯ ದಾರಿ ಹಿಡಿದರಂತೂ ತಪ್ಪಿದ್ದಲ್ಲ. ಹಿಂದಿನ ಚಕ್ರದಲ್ಲಿ ಮೋಟಾರ್ ಇರುವುದರಿಂದ ಸಾಮಾನ್ಯ ಸೈಕಲ್ ಅಂಗಡಿಯವರು ಮುಟ್ಟಲು ಹಿಂಜರಿಯುತ್ತಾರೆ. ಟ್ಯೂಬ್ ಮತ್ತು ಟೈರ್ ನಡುವೆ ದಪ್ಪ ಲೈನರ್ ಪಟ್ಟಿ ಹಾಕಿಸಿ, ಟ್ಯೂಬಿಗೆ ಸೀಲೆಂಟ್ ಹಾಕಿಸಿ. ಚಕ್ರ ಬಿಚ್ಚಲೇಬೇಕಾದರೆ ಮೊದಲು ಬ್ಯಾಟರಿ ಆಫ್ ಮಾಡಿ, ಮೋಟಾರ್ ಕೇಬಲ್‌ನ ಕನೆಕ್ಟರನ್ನು ನೇರವಾಗಿ ಎಳೆದು ಬಿಡಿಸಿ, ತಿರುಚಬೇಡಿ. ಆ್ಯಕ್ಸಲ್ ನಟ್‌ಗೆ ಹೆಚ್ಚಾಗಿ 18 ಮಿ.ಮೀ. ಸ್ಪ್ಯಾನರ್ ಬೇಕು. ಕೊಕ್ಕೆಯಿರುವ ವಾಷರ್ ಯಾವ ಬದಿಗಿತ್ತು, ಕೊಕ್ಕೆ ಯಾವ ಕಡೆ ನೋಡುತ್ತಿತ್ತು ಎಂದು ಫೋಟೊ ತೆಗೆದುಕೊಳ್ಳಿ. ಮೋಟಾರ್ ಚಕ್ರವನ್ನು ಮುಂದೆ ತಿರುಗಿಸುವಾಗ ಆ್ಯಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ, ಅದನ್ನು ತಡೆಯುವುದು ಆ ವಾಷರ್. ಅದಿಲ್ಲದೆ ಕಟ್ಟಿದರೆ ಆ್ಯಕ್ಸಲ್ ಸುತ್ತಿ ಕೇಬಲನ್ನೇ ಕತ್ತರಿಸುತ್ತದೆ. ವಾಪಸು ಜೋಡಿಸುವಾಗ ಕನೆಕ್ಟರ್‌ನ ಎರಡು ಬಾಣದ ಗುರುತು ಎದುರುಬದುರು ಇರಲಿ, ನಟ್ ಗಟ್ಟಿಯಾಗಿ, 35ರಿಂದ 40 ನ್ಯೂಟನ್-ಮೀಟರ್ ಬಿಗಿಯಲಿ.

ಟೈರ್ ಗಾಳಿ ವಾರಕ್ಕೊಮ್ಮೆ ನೋಡಿ. 1.95 ಇಂಚಿನ ಟೈರಿಗೆ 45ರಿಂದ 50 ಪಿಎಸ್‌ಐ, ಟೈರ್ ಪಕ್ಕದಲ್ಲಿ ಬರೆದ ಗರಿಷ್ಠ ಮೀರದ ಹಾಗೆ. 30ಕ್ಕೆ ಇಳಿದ ಟೈರಿನಲ್ಲಿ ಓಡಿಸುವವರು ಬ್ಯಾಟರಿಯನ್ನು ದೂರುತ್ತಿರುತ್ತಾರೆ. ಬ್ರೇಕ್ ಪ್ಯಾಡ್ ಒಂದು ಮಿ.ಮೀ.ಗೆ ಬಂದರೆ ಬದಲಿಸಿ. ಸಂಡೂರು, ತೋರಣಗಲ್ಲು ಕಡೆ ಅದಿರು ಧೂಳಿನ ರಸ್ತೆಯಲ್ಲಿ ಓಡಾಡುವವರ ಪ್ಯಾಡ್ ಇನ್ನೂ ಬೇಗ ಸವೆಯುತ್ತದೆ. ಬ್ರೇಕ್ ಲಿವರ್‌ನಲ್ಲಿ ಮೋಟಾರ್ ಕಡಿಯುವ ಸ್ವಿಚ್ ಇದೆ. ಹಿಂದಿನ ಚಕ್ರ ಎತ್ತಿ ಥ್ರಾಟಲ್ ಕೊಟ್ಟು, ಒಂದೊಂದೇ ಲಿವರನ್ನು ಮೆಲ್ಲಗೆ ಒತ್ತಿ ನೋಡಿ. ಮೋಟಾರ್ ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಆ ಗಾಡಿ ರಸ್ತೆಗೆ ಇಳಿಯಬಾರದು.

ಚಾರ್ಜ್ ಮಾಡುವ ರೀತಿ

ಬೇಸಿಗೆಯಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಲಿಥಿಯಂ ಸೆಲ್ ಒಳಗಿನ ಬಿಸಿ 45 ಡಿಗ್ರಿ ದಾಟಿರುವಾಗ ಚಾರ್ಜ್ ಮಾಡಿದರೆ ಆಯಸ್ಸು ಕುಗ್ಗುತ್ತದೆ, ಒಳ್ಳೆಯ ಬಿಎಂಎಸ್ ತಾನೇ ಚಾರ್ಜ್ ತಡೆಯುತ್ತದೆ. ನೆರಳಿನಲ್ಲಿ ಒಂದು ಗಂಟೆ ಬಿಡಿ. ತಗಡಿನ ಶೆಡ್ಡಿನಲ್ಲಿ ಇಡೀ ದಿನ ಗಾಡಿ ನಿಲ್ಲಿಸಬೇಕಾದರೆ ಬ್ಯಾಟರಿ ಕಳಚಿ ಒಳಗೆ ತಂದಿಡಿ. ನಿಮ್ಮ ಪ್ಯಾಕಿಗೆ 42 ವೋಲ್ಟ್, 2 ಆಂಪಿಯರ್ ಚಾರ್ಜರ್ ಸರಿ, ಪೂರ್ತಿ ತುಂಬಲು ಐದು ಗಂಟೆಗಿಂತ ಸ್ವಲ್ಪ ಹೆಚ್ಚು. 54.6 ವೋಲ್ಟ್ ಚಾರ್ಜರ್, ಲೆಡ್-ಆ್ಯಸಿಡ್ ಚಾರ್ಜರ್ ಪಿನ್ ಹೊಂದಿದರೂ ಚುಚ್ಚಬೇಡಿ. ಒಂದು ಪೂರ್ತಿ ಚಾರ್ಜಿಗೆ ನಷ್ಟ ಸೇರಿ ಅರ್ಧ ಯೂನಿಟ್ಟೂ ಆಗುವುದಿಲ್ಲ, ಎರಡೂವರೆ-ಮೂರು ರೂಪಾಯಿ.

ಗಿರಣಿಯಲ್ಲಿ ಮಧ್ಯಾಹ್ನ ಎರಡು ಗಂಟೆ ಚಾರ್ಜ್ ಹಾಕಲು ಒಪ್ಪಿಗೆ ಪಡೆಯಿರಿ, 150 ವ್ಯಾಟ್-ಅವರ್ ಸಿಕ್ಕರೆ ಸಂಜೆಯ ದಾರಿಗೆ ಅದೇ ಸಾಕು. ಆದರೆ ಹೊಟ್ಟಿನ ರಾಶಿ, ತೌಡಿನ ಚೀಲ, ಹೊಟ್ಟಿನ ಪುಡಿ ಹಾರುವ ಕೋಣೆ ಇರುವ ಕಡೆ ಖಂಡಿತ ಬೇಡ. ಲೆಕ್ಕದ ಕೋಣೆಯ ಸಿಮೆಂಟ್ ನೆಲದ ಮೇಲೆ, ಕಣ್ಣಿಗೆ ಕಾಣುವಂತೆ ಇಟ್ಟು, ನೀವು ಹೊರಡುವ ಮೊದಲು ತೆಗೆಯಿರಿ. ಬಿದ್ದು ಪೆಟ್ಟಾದ, ಉಬ್ಬಿದ, ನೀರು ಹೊಕ್ಕ ಪ್ಯಾಕನ್ನು ಮತ್ತೆ ಚಾರ್ಜ್ ಮಾಡಲೇಬೇಡಿ.

ಇಷ್ಟಾದ ಮೇಲೂ ನಿಮಗೆ 40 ಬೇಕೇ ಬೇಕು ಎಂದರೆ, ಹೆದ್ದಾರಿಯ ಮೇಲೆ ಲಾರಿಗಳ ನಡುವೆ ಹೋಗುವವರಿಗೆ ಅದು ನ್ಯಾಯವಾದ ಬೇಡಿಕೆಯೇ. ತೋರಣಗಲ್ಲಿಗೆ ಪಾಳಿ ಕೆಲಸಕ್ಕೆ ಹೋಗುವವರು, ಶಕ್ತಿನಗರದಿಂದ ರಾಯಚೂರಿಗೆ ದಿನಾ ಓಡಾಡುವವರು 25ರ ಗಾಡಿಯಲ್ಲಿ ಹೋಗಬಾರದು ಎಂದೇ ನನ್ನ ಅಭಿಪ್ರಾಯ. ಹಿಂದಿನಿಂದ 60ರಲ್ಲಿ ಬರುವ ಲಾರಿಗೂ ಮುಂದೆ 25ರಲ್ಲಿ ಹೋಗುವ ಸೈಕಲ್ಲಿಗೂ ನಡುವಿನ ವ್ಯತ್ಯಾಸ ಅಪಾಯಕಾರಿ. ಅವರಿಗೆ ಬೇಕಾದದ್ದು ನೋಂದಣಿಯಾಗುವ ಇ-ಸ್ಕೂಟರ್: ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರ, ವಿಮೆ, ಲೈಸೆನ್ಸ್, ಐಎಸ್‌ಐ ಗುರುತಿನ ಹೆಲ್ಮೆಟ್, ದಪ್ಪ ಟೈರ್, ದೊಡ್ಡ ಬ್ರೇಕ್. ಕಲಿಕಾ ಲೈಸೆನ್ಸ್ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಪಡೆದು, 30 ದಿನದ ನಂತರ ಚಾಲನಾ ಪರೀಕ್ಷೆ ಕೊಡಬಹುದು.

ನಿಮ್ಮ 14 ಕಿ.ಮೀ.ಗೆ ಅದು ಬೇಕಿಲ್ಲ. ಹಣ ಹಾಕುವುದಿದ್ದರೆ ಅದೇ 36 ವೋಲ್ಟ್‌ನ, ಅದೇ ಕಂಪನಿಯ 13 ಎಎಚ್ ಪ್ಯಾಕ್ ಬರುತ್ತದೆಯೇ ಕೇಳಿ. ಅದು ಕಂಟ್ರೋಲರಿಗೂ ಮೋಟಾರಿಗೂ ಭಾರವಾಗದೆ 25ರಲ್ಲೇ 44 ಕಿ.ಮೀ. ಕೊಡುತ್ತದೆ. ಹೆಲ್ಮೆಟ್ ಈ ಗಾಡಿಗೆ ಕಾನೂನಿನಲ್ಲಿ ಕಡ್ಡಾಯವಲ್ಲ, ಆದರೂ ನೀವೂ ಹಾಕಿ, ಮಗಳಿಗೂ ಹಾಕಿಸಿ. ಸಂಜೆ ಟ್ಯೂಷನ್ ಮುಗಿಸಿ ಬರುವಷ್ಟರಲ್ಲಿ ಕತ್ತಲಾಗುತ್ತದೆ, ಹಿಂದಿನ ಕೆಂಪು ಪ್ರತಿಫಲಕದ ಜೊತೆಗೆ ಸೀಟಿನ ಕೆಳಗೊಂದು ಕೆಂಪು ದೀಪವನ್ನೂ ಕಟ್ಟಿಕೊಡಿ.